ತರಬೇತುದಾರನ ಹುದ್ದೆಗೆ ಆಕರ್ಷಣೆ ಯಾವುದು?



ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲಬಾಮಾ ವಿಶ್ವವಿದ್ಯಾಲಯದ ತಂಡದ ಪಂದ್ಯ ನೋಡಲು ಅದರ ಕ್ರೀಡಾಂಗಣದಲ್ಲಿ ಸುಮಾರು 1 ಲಕ್ಷ ಜನ ಸೇರುತ್ತಾರೆ. ಇಂಥ ತಂಡದ ತರಬೇತುದಾರನ ಹುದ್ದೆಗೆ ಸಮರ್ಥರನ್ನು ಸೆಳೆಯುವುದು ಯಾವುದು?

ಮೊದಲು ಸಂಬಳವೆನ್ನಿ. 2007ರಲ್ಲಿ ನಿಕ್ ಸೇಬನ್ ಅವರು ಮಯಾಮಿಯ ವೃತ್ತಿಪರ ತಂಡವನ್ನು ಬಿಟ್ಟು ಅಲಬಾಮಾಕ್ಕೆ ಬಂದದ್ದು ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ವೇತನದ ಮೇಲೆ. ಆದರೆ ತಿಳಿದವರು ಇನ್ನೂ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ.

ಒಂದು, ಸುತ್ತಲಿನ ಪ್ರೌಢಶಾಲೆಗಳಲ್ಲಿ ಪ್ರತಿಭಾವಂತ ಹುಡುಗರಿದ್ದಾರೆಯೇ? ಕಾಲೇಜು ಆಟಗಾರರು ಕೆಲವೇ ವರ್ಷ ಆಡಿ ಹೊರಟುಹೋಗುತ್ತಾರೆ. ಪ್ರತಿ ವರ್ಷವೂ ಹೊಸಬರು ಬೇಕು. ಎರಡು, ಸಹಾಯಕರಿಗೂ ಆಟಗಾರರಿಗೂ ಖರ್ಚು ಮಾಡುವ ಶಕ್ತಿ ಸಂಸ್ಥೆಗಿದೆಯೇ? 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾಗಿದೆ.

ಮೂರನೆಯದೇ ಮುಖ್ಯ: ಆಡಳಿತಕ್ಕೆ ತಾಳ್ಮೆ ಇದೆಯೇ? ಸೇಬನ್ ಅವರ ಮೊದಲ ವರ್ಷ ಅಲಬಾಮಾ 6 ಪಂದ್ಯಗಳನ್ನು ಸೋತಿತು. ವಿಶ್ವವಿದ್ಯಾಲಯ ಕೈಬಿಡಲಿಲ್ಲ. 2009ರ ಋತುವಿನ ರಾಷ್ಟ್ರೀಯ ಪ್ರಶಸ್ತಿಯನ್ನು ತಂಡ ಗೆದ್ದಿತು. 2024ರ ಜನವರಿಯಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು 6. ಎಲ್ಲೆಡೆಯೂ ಹೀಗಿಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತುದಾರ ಜಿಂಬೊ ಫಿಶರ್ ಅವರನ್ನು ಒಪ್ಪಂದದ ಅವಧಿ ಮುಗಿಯುವ ಮೊದಲೇ ತೆಗೆದುಹಾಕಿತು. ಅದಕ್ಕೆ ತೆರಬೇಕಾದ ಪರಿಹಾರ 7 ಕೋಟಿ ಡಾಲರಿಗೂ ಹೆಚ್ಚು!

ನಾಳೆ ನೀವೂ ಕೆಲಸಕ್ಕೆ ಅರ್ಜಿ ಹಾಕುವಿರಿ. ಸಂಬಳ ಎಷ್ಟೆಂದು ಕೇಳಿ, ತಪ್ಪಿಲ್ಲ. ಕೆಲಸ ಮಾಡಿ ತೋರಿಸಲು ಬೇಕಾದ ಸಾಧನ, ಸಮಯ ಎರಡೂ ಸಿಗುವುವೇ ಎಂಬುದನ್ನೂ ಕೇಳಿ.