ಸಹಾಯವೂ ಬೇಕು, ಮರ್ಯಾದೆಯೂ ಬೇಕು



2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯ್ತು. ಹುಮನಾಬಾದ್, ಬಸವಕಲ್ಯಾಣ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಬರಿಗೈಲಿ ಮರಳಿದರು. ನಾವು ಅಕ್ಕಿ, ಬೇಳೆ ಹಂಚಿದೆವು. ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲ, ಫೋಟೋ ತೆಗೆದೆವು. ಒಬ್ಬ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಫೋಟೋ ಬ್ಯಾಡ್ರಿ ಸಿಸ್ಟರ್. ಮುಂಬೈದಿಂದ ಬಂದೋರು ಅಂತ ಗೊತ್ತಾದ್ರ ನಳದ ನೀರು ತುಂಬಲಿಕ್ಕ ಬಿಡಂಗಿಲ್ಲ" ಎಂದಳು. ನಮಗೆ ನಾಚಿಕೆಯಾಯಿತು. ಅಂದೇ ಫೋಟೋ ಬಿಟ್ಟೆವು. ಸಂಘದ ಇಬ್ಬರು ಸದಸ್ಯೆಯರು ಸಾಕ್ಷಿಯಾಗಿ ರಿಜಿಸ್ಟರಿಗೆ ಸಹಿ ಮಾಡಿದರು. ಲೆಕ್ಕವೂ ಉಳಿಯಿತು, ಆಕೆಯ ಮಾನವೂ ಉಳಿಯಿತು.

ಸಂಘದಲ್ಲಿ ಕೇಳಿದ ಕಾಯಿಲೆ, ಕಷ್ಟದ ಮಾತು ಬೀದಿಗೆ ಹೋಗಬಾರದು. ಕೊಡುವ ಮುನ್ನ ಕೇಳೋಣ: ಆ ಜಾಗದಲ್ಲಿ ನಾವೇ ನಿಂತಿದ್ದರೆ?