ಮೊರ, ಜರಡಿ ಮತ್ತು ಕೃಷ್ಣಾ ತೀರದ ವಜ್ರ



ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಅಲೆ ಹಿಂದೆ ಸರಿದ ಮೇಲೆ ಕಪ್ಪು ಪಟ್ಟೆ ಉಳಿಯುತ್ತದಲ್ಲ, ಅದು ಕೊಳೆಯಲ್ಲ. ಇಲ್ಮನೈಟ್, ಗಾರ್ನೆಟ್‌ನಂಥ ಭಾರದ ಖನಿಜಗಳು. ಹಗುರ ಮರಳನ್ನು ನೀರು ಎಳೆದೊಯ್ಯುತ್ತದೆ, ಭಾರದ್ದು ನಿಲ್ಲುತ್ತದೆ. ನಾವು ಅಕ್ಕಿ ಜಾಲಿಸಿ ಕಲ್ಲು ತೆಗೆಯುವುದೂ ಇದೇ ರೀತಿ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರಿಗೆ ಜಲಗಾರರೆಂದೇ ಹೆಸರು.

ವಿಜಯವಾಡದವರಿಗೆ ಈ ವಿಷಯ ಇನ್ನೂ ಹತ್ತಿರ. ಹೈದರಾಬಾದ್ ಹೆದ್ದಾರಿಯ ಪರಿಟಾಲ, ಕೃಷ್ಣೆಯ ದಂಡೆಯ ಕೊಲ್ಲೂರು (ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ!) ಇಂಥ ಊರುಗಳ ಗರಸಿನಲ್ಲೇ ಗೋಲ್ಕೊಂಡ ವಜ್ರಗಳು ಸಿಕ್ಕಿದ್ದು. ಗೋಲ್ಕೊಂಡ ಬರೀ ಮಾರುಕಟ್ಟೆ. 17ನೇ ಶತಮಾನದಲ್ಲಿ ಕೊಲ್ಲೂರಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಗಿಡ್ಡ ಗೋಡೆ ಕಟ್ಟಿದ ಅಂಗಳದಲ್ಲಿ ಮಣ್ಣು ಸುರಿದು ನೀರು ಹಾಕಿ, ಕೆಸರು ಹರಿಯಬಿಟ್ಟು, ಒಣಗಿದ ಮೇಲೆ ಧಾನ್ಯ ಕೇರುವ ಮೊರದಂಥ ಬುಟ್ಟಿಯಲ್ಲಿ ಕೇರಿ, ಹೆಂಟೆಗಳನ್ನು ಒನಕೆಯಂಥ ಕೊರಡಿನಿಂದ ಕುಟ್ಟಿ, ಕೊನೆಗೆ ಕೈಯಲ್ಲಿ ಆರಿಸುವುದು. ಕೆಲವು ವಜ್ರಗಳಿಗೆ ರಾಜರ ಹೆಸರಿದೆ. ಹೊತ್ತವರ ಒಂದು ಹೆಸರೂ ಉಳಿದಿಲ್ಲ.

ಈಗ ಸಲಕರಣೆ. ಮರದ ಚೌಕಟ್ಟಿಗೆ ತಂತಿ ಬಲೆ ಹೊಡೆದ ಎರಡು ಜರಡಿ, ಒಂದು 8 ಮಿಲಿಮೀಟರ್ ಕಣ್ಣಿನದು, ಇನ್ನೊಂದು 2. ಜೊತೆಗೆ ಒಂದು ಟಬ್ಬು. ಮೊದಲು ಗಾತ್ರ ಬೇರೆಮಾಡಲೇಬೇಕು. ಇಲ್ಲದಿದ್ದರೆ ದೊಡ್ಡ ಹಗುರ ಕಲ್ಲೂ ಸಣ್ಣ ಭಾರದ ಕಲ್ಲೂ ಒಂದೇ ವೇಗದಲ್ಲಿ ಇಳಿಯುತ್ತವೆ. ಆಮೇಲೆ ಸಣ್ಣ ಜರಡಿಯನ್ನು ನೀರಿನಲ್ಲಿ ಎತ್ತಿ ಇಳಿಸಿ, ಸ್ವಲ್ಪ ತಿರುಗಿಸುತ್ತಿದ್ದರೆ ಭಾರದವು ತಳಕ್ಕೆ, ನಡುವಿಗೆ ಸೇರುತ್ತವೆ. ಗೋಣಿಯ ಮೇಲೆ ಬೋರಲು ಹಾಕಿದರೆ ಅವೇ ಮೇಲೆ! ನೀರೇ ಏಕೆ ಎಂದರೆ, ವಜ್ರದ ಸಾಂದ್ರತೆ 3.5, ಬೆಣಚುಕಲ್ಲಿನದು 2.65. ನೀರಿನಲ್ಲಿ ಎರಡರಿಂದಲೂ ಒಂದು ಕಳೆಯಿರಿ. ಗಾಳಿಯಲ್ಲಿ 1.3 ಪಟ್ಟಿದ್ದ ಅಂತರ 1.5 ಪಟ್ಟಾಗುತ್ತದೆ.

ಇದನ್ನು ಹೊತ್ತು ನದಿಗೆ ಹೋಗಬೇಡಿ, ಖನಿಜ ಶೋಧಕ್ಕೆ 1957ರ ಕಾಯ್ದೆಯಂತೆ ಪರವಾನಗಿ ಬೇಕು. ಜೊನ್ನಗಿರಿ, ವಜ್ರಕರೂರಿನ ಹೊಲಗಳಲ್ಲಿ ಮುಂಗಾರು ಬಿದ್ದೊಡನೆ ಕೂಲಿ ಬಿಟ್ಟು ಬರುವ ಹೆಂಗಸರ ಬಳಿ ಜರಡಿಯೂ ಇಲ್ಲ. ಮಳೆಯೇ ತೊಳೆಯಬೇಕು, ಕಣ್ಣೇ ಆರಿಸಬೇಕು. ಅಕಸ್ಮಾತ್ ಸಿಕ್ಕರೆ ಬೆಲೆ ಹೇಳುವವನು ದಲ್ಲಾಳಿ.

ಜಲ್ಲಿಯಲ್ಲಿ ಹತ್ತು ಕಬ್ಬಿಣದ ನಟ್ಟು ಬೆರೆಸಿಟ್ಟಿದ್ದೇನೆ. ಟಬ್ಬು ಇಲ್ಲೇ ಇದೆ. ಸೆರಗು ಸಿಕ್ಕಿಸಿಕೊಂಡು ಇಬ್ಬರು ಮುಂದೆ ಬನ್ನಿ.