ಗೋಡೆಯ ಮೇಲಿನ ಉಪ್ಪು



ಹಿಂಗಾರು ಮಳೆ ನಿಂತು ಬಿಸಿಲು ಬಿದ್ದ ಮೇಲೆ ಹನೂರು, ಒಡೆಯರಪಾಳ್ಯದ ಕಡೆಯ ಹಳೆಯ ಮನೆಗಳ ಗೋಡೆಗಳನ್ನು ಗಮನಿಸಿ. ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿರುತ್ತದೆ, ಗಾರೆ ಉದುರುತ್ತದೆ, ಮೇಲೆ ಹತ್ತಿಯಂತಹ ಬಿಳಿ ಪುಡಿ. ಸುಣ್ಣ ಸರಿಯಿಲ್ಲವೆಂದು ಬೈದು ಹಬ್ಬಕ್ಕೆ ಮತ್ತೆ ಬಳಿಯುತ್ತೇವೆ. ಕೂಲಿಯ ಹಣ ಪ್ರತಿ ವರ್ಷವೂ ಗೋಡೆಯ ಪಾಲು.

ತಪ್ಪು ಸುಣ್ಣದ್ದಲ್ಲ. ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಇಟ್ಟಿಗೆಯ ಸಣ್ಣ ರಂಧ್ರಗಳು ನೆಲದ ತೇವವನ್ನು ಮೇಲೆಳೆಯುತ್ತವೆ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಲವಣ ಉಳಿಯುತ್ತದೆ. ಸೋಡಿಯಂ ಸಲ್ಫೇಟನ್ನೇ ನೋಡಿ: ಅದರ ಒಂದು ಅಣು ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಹರಳಾದಾಗ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ. ರಂಧ್ರದೊಳಗೆ ಜಾಗ ಸಾಲದೆ ಗಾರೆ ಒಡೆಯುತ್ತದೆ. ಕೊಟ್ಟಿಗೆಯ ಗೋಡೆಯಲ್ಲಾದರೆ ಗಂಜಲದಿಂದ ಹುಟ್ಟಿದ ನೈಟ್ರೇಟ್ ಹೆಚ್ಚು. ಹಿಂದೆ ಇಂಥ ಮಣ್ಣನ್ನು ನೀರಿನಲ್ಲಿ ಸೋಸಿ, ಕಾಯಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ಟಿಪ್ಪುವಿನ ರಾಕೆಟ್ಟಿನ ಮದ್ದಿಗೂ ಪೆಟ್ಲುಪ್ಪೇ ಬೇಕಿತ್ತು!

ಇಟ್ಟಿಗೆಯನ್ನು ನೀವೇ ಪರೀಕ್ಷಿಸಬಹುದು. ತಟ್ಟೆಯಲ್ಲಿ 25 ಮಿಲಿಮೀಟರ್ ಆಳ ನೀರು ಹಾಕಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ. ಭಾರತೀಯ ಮಾನಕದಲ್ಲಿ ಹೇಳಿರುವುದು ಬಟ್ಟಿ ಇಳಿಸಿದ ನೀರು. ಶುದ್ಧ ಮಳೆನೀರೂ ನಮ್ಮ ಪ್ರಯೋಗಕ್ಕೆ ಸಾಕು. ನೀರೆಲ್ಲ ಹೀರಿ ಇಟ್ಟಿಗೆ ಒಣಗಿದ ಮೇಲೆ ಮತ್ತೊಮ್ಮೆ ಅಷ್ಟೇ ನೀರು ಹಾಕಿ ಒಣಗಲು ಬಿಡಿ. ಬಿಳಿ ಪದರ ಮೈಯ ಶೇಕಡಾ 10ನ್ನು ಮೀರದಿದ್ದರೆ ಅಲ್ಪ. 50ನ್ನು ದಾಟಿದರೆ ಆ ಇಟ್ಟಿಗೆ ಬೇಡ.

ಗೋಡೆಯ ಮೇಲಿನ ಬಿಳುಪು ಬೂಷ್ಟೂ ಆಗಿರಬಹುದು. ಒಂದು ಹನಿ ನೀರು ಹಾಕಿ: ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಬೂಷ್ಟನ್ನು ಕಡೆಗಣಿಸಬಾರದು.

ಉಪ್ಪನ್ನು ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಹೋಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ಮೊರದಲ್ಲಿ ಹಿಡಿದು ಹೊರಗೆ ಹಾಕಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಇನ್ನೂ ಮೇಲೇರುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ.

ಮೊದಲು ಬಚ್ಚಲ ನೀರನ್ನೂ ಸೂರಿನ ನೀರನ್ನೂ ಗೋಡೆಯ ಬುಡದಿಂದ ದೂರ ಹರಿಸಬೇಕು, ಬುಡಕ್ಕೆ ಒಟ್ಟಿದ ಮಣ್ಣನ್ನು ತೆಗೆಯಬೇಕು. ಹೊಸ ಮನೆಯಾದರೆ ಪಾಯದ ಮೇಲೆ, ಗೋಡೆ ಏಳುವ ಮುನ್ನವೇ, ತೇವ ತಡೆಯುವ ಪದರ ಹಾಕಿಸಬೇಕು. ಆಮೇಲೆ ಹಾಕಿಸುವುದು ಬಲು ಕಷ್ಟ. ಹಳೆಯ ಮನೆಯಲ್ಲಿ ಗೋಡೆ ಪೂರ್ತಿ ಒಣಗಲು ಒಂದು ಬೇಸಿಗೆಯಾದರೂ ಬೇಕು. ಬಣ್ಣದ ಮಾತು ಆಮೇಲೆ.